ಮದ್ದಿಗೆ ಮಣಿಯದ ರೋಗ, ಮನೆಯವರ ಕೈಯ ಮಾತ್ರೆ

ಶಿವಮೊಗ್ಗದ ವಿನೋಬನಗರದಲ್ಲಿ ನಾವು ಬಲ್ಲ ಒಂದು ಮನೆಯಿದೆ. ನಡುಮನೆಯ ಗೋಡೆಯ ಮೇಲೆ ಪವಿತ್ರ ಹೃದಯದ ಪಟ, ಅದರ ಕೆಳಗೆ ಧರ್ಮಕೇಂದ್ರದಿಂದ ತಂದ ವರ್ಷದ ಕ್ಯಾಲೆಂಡರು. ಆ ಕ್ಯಾಲೆಂಡರಿನ ಒಂದೊಂದು ದಿನಾಂಕದ ಚೌಕದಲ್ಲಿಯೂ ನೀಲಿ ಶಾಯಿಯ ಚಿಕ್ಕದೊಂದು ಗುರುತು. ಮಗುವಿಗೆ ರಾತ್ರಿಯ ಮಾತ್ರೆ ನುಂಗಿಸಿದ ಬಳಿಕ ತಾಯಿ ಹಾಕಿದ ಗುರುತುಗಳವು. ಎರಡು ವರ್ಷ ಹೀಗೆಯೇ ನಡೆಯಿತು. ಆಮೇಲೊಂದು ದಿನ ರಕ್ತಪರೀಕ್ಷೆಯ ಫಲಿತಾಂಶ ಬಂದಿತು, ರೋಗವು ಮರುಕಳಿಸಿತ್ತು. ನಾವು ಕಾಣಲು ಹೋದಾಗ ಆ ತಾಯಿ ಅಳಲಿಲ್ಲ. ಕ್ಯಾಲೆಂಡರನ್ನು ಕೈಗೆತ್ತಿಕೊಂಡು, ಗುರುತಿಲ್ಲದ ಐದಾರು ಚೌಕಗಳನ್ನು ಬೆರಳಿಟ್ಟು ತೋರಿಸಿ, “ಇದು ಊರಿನ ಹಬ್ಬಕ್ಕೆ ಹೋಗಿದ್ದ ವಾರ. ನಾವು ಎಲ್ಲಿ ತಪ್ಪು ಮಾಡಿದ್ವಿ, ನೀವೇ ಹೇಳಿ” ಎಂದು ಕೇಳಿದರು.

ಆ ಕ್ಷಣದಲ್ಲಿ ನಮಗೆ ಉತ್ತರ ಹೊಳೆಯಲಿಲ್ಲ. ಸಾಂತ್ವನದ ಮಾತನ್ನು ಹೇಳಿ ಹಿಂದಿರುಗಿದೆವು. ಆದರೆ ಪ್ರಶ್ನೆ ನಮ್ಮೊಡನೆಯೇ ಬಂದಿತು. ಪ್ರತಿ ವರ್ಷ ಫೆಬ್ರವರಿ 11ರಂದು ಧರ್ಮಸಭೆಯು ರೋಗಿಗಳ ವಿಶ್ವದಿನವನ್ನು ಆಚರಿಸುತ್ತದೆ. ನಾಲ್ಕು ದಿನಗಳ ನಂತರ, ಫೆಬ್ರವರಿ 15ರಂದು, ಜಗತ್ತು ಮಕ್ಕಳ ಕ್ಯಾನ್ಸರ್ ದಿನವನ್ನು ಆಚರಿಸುತ್ತದೆ. ಈ ಎರಡು ದಿನಗಳ ನಡುವೆ ನಿಂತು, ಆ ತಾಯಿಯ ಪ್ರಶ್ನೆಗೆ ವೈದ್ಯವಿಜ್ಞಾನವು ಇಂದು ಏನು ಉತ್ತರ ಕೊಡಬಲ್ಲದು ಎಂಬುದನ್ನು ನಮ್ಮ ಕುಟುಂಬಗಳ ಮುಂದಿಡುವುದು ಈ ಲೇಖನದ ಉದ್ದೇಶ.

ರೋಗದ ಪರಿಚಯ

ಮಕ್ಕಳಲ್ಲಿ ಕಾಣಿಸಿಕೊಳ್ಳುವ ಕ್ಯಾನ್ಸರುಗಳಲ್ಲಿ ರಕ್ತಕ್ಯಾನ್ಸರಿನದೇ ಮೊದಲ ಸ್ಥಾನ. ಅದರಲ್ಲಿಯೂ ಹೆಚ್ಚಿನದು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಬಗೆ. ಮೂಳೆಯೊಳಗಿನ ಮಜ್ಜೆಯಲ್ಲಿ ನಮ್ಮ ರಕ್ತಕಣಗಳು ಹುಟ್ಟುತ್ತವೆ. ಅಲ್ಲಿ ಬೆಳೆಯಬೇಕಾದ ಎಳೆಯ ಬಿಳಿ ಕಣವೊಂದು ದಾರಿ ತಪ್ಪಿ, ಬಲಿಯದೆ, ಸಾಯದೆ, ತನ್ನಂತಹವನ್ನೇ ಹೆಚ್ಚಿಸುತ್ತ ಹೋದರೆ ಮಜ್ಜೆಯು ಅದರಿಂದಲೇ ತುಂಬಿಹೋಗುತ್ತದೆ. ಕೆಂಪು ಕಣಗಳಿಗೆ ಜಾಗವಿಲ್ಲದೆ ಮಗು ಬಿಳಿಚಿಕೊಳ್ಳುತ್ತದೆ. ಪ್ಲೇಟ್‌ಲೆಟ್ಟುಗಳು ಕುಗ್ಗಿ ಮೈಮೇಲೆ ಕಂದುಗಟ್ಟಿದ ಕಲೆಗಳು ಏಳುತ್ತವೆ, ಒಸಡಿನಲ್ಲಿ ಮೂಗಿನಲ್ಲಿ ರಕ್ತ ಜಿನುಗುತ್ತದೆ. ಸೋಂಕನ್ನು ಎದುರಿಸುವ ಕಣಗಳಿಲ್ಲದೆ ಜ್ವರವು ಬಿಟ್ಟು ಬಿಟ್ಟು ಬರುತ್ತದೆ. ಓಡಾಡಿಕೊಂಡಿದ್ದ ಮಗು ಕಾಲುನೋವೆಂದು ನಡೆಯಲು ಒಲ್ಲೆನೆನ್ನುತ್ತದೆ. ಇಂತಹ ಚಿಹ್ನೆಗಳು ಕಂಡರೆ ರಕ್ತಪರೀಕ್ಷೆ ಮಾಡಿಸಲು ತಡಮಾಡಬಾರದು.

ತಾಯಿತಂದೆಯರು ತಮ್ಮನ್ನು ತಾವೇ ಹಳಿದುಕೊಳ್ಳುವುದು ಈ ಹಂತದಿಂದಲೇ ಮೊದಲಾಗುತ್ತದೆ. ಗರ್ಭಿಣಿಯಾಗಿದ್ದಾಗ ಏನು ತಿಂದೆವೋ, ಯಾರ ದೃಷ್ಟಿ ತಾಗಿತೋ, ಯಾವ ಪಾಪದ ಫಲವೋ ಎಂಬ ಮಾತುಗಳು ಹೊರಗಿನವರಿಂದಲೂ ಬರುತ್ತವೆ. ಇಂಗ್ಲೆಂಡಿನ ವಿಜ್ಞಾನಿ ಮೆಲ್ ಗ್ರೀವ್ಸ್ ಮತ್ತು ಅವರ ಸಹೋದ್ಯೋಗಿಗಳು, ನವಜಾತ ಶಿಶುಗಳ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿಟ್ಟಿದ್ದ ರಕ್ತದ ಹನಿಗಳನ್ನು ಪರೀಕ್ಷಿಸಿ, ಅನೇಕ ಮಕ್ಕಳಲ್ಲಿ ಈ ರೋಗದ ಮೊದಲ ಬದಲಾವಣೆಯು ತಾಯಿಯ ಗರ್ಭದಲ್ಲಿಯೇ ಆಕಸ್ಮಿಕವಾಗಿ ಉಂಟಾಗಿರುತ್ತದೆಂದು 1990ರ ದಶಕದಲ್ಲಿ ತೋರಿಸಿಕೊಟ್ಟರು. ಅಂತಹ ಬದಲಾವಣೆಯೊಡನೆ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಮಂದಿಗೆ ರೋಗವು ಬರುವುದೇ ಇಲ್ಲ. ಎರಡನೆಯ ಇನ್ನೊಂದು ಬದಲಾವಣೆ ಸೇರಿದಾಗ ಮಾತ್ರ ಬರುತ್ತದೆ. ಇದು ಯಾರ ತಪ್ಪೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ.

ಭೀಮಾವರಂನಿಂದ ಬೋಸ್ಟನ್ನಿಗೆ

ಎಂಬತ್ತು ವರ್ಷಗಳ ಹಿಂದೆ ಈ ರೋಗ ತಗುಲಿದ ಮಗು ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ತೀರಿಕೊಳ್ಳುತ್ತಿತ್ತು. 1947ರ ಕೊನೆಯಲ್ಲಿ ಅಮೆರಿಕದ ಬೋಸ್ಟನ್ ನಗರದ ಡಾ. ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟರಿನ್ ಎಂಬ ಔಷಧಿಯನ್ನು ಇಂತಹ ಮಕ್ಕಳಿಗೆ ಕೊಡಲಾರಂಭಿಸಿದರು. ಹದಿನಾರು ಮಕ್ಕಳಲ್ಲಿ ಹತ್ತು ಮಕ್ಕಳು ಚೇತರಿಸಿಕೊಂಡರೆಂದು 1948ರ ಜೂನ್ ತಿಂಗಳಲ್ಲಿ ವರದಿ ಪ್ರಕಟವಾಯಿತು. ಆ ಔಷಧಿ ಬಂದುದು ಲೆಡರ್ಲಿ ಪ್ರಯೋಗಶಾಲೆಯಿಂದ. ಅಲ್ಲಿನ ಸಂಶೋಧನೆಯ ಮುಂದಾಳು ನಮ್ಮ ನೆರೆಯ ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಡಾ. ಯೆಲ್ಲಾಪ್ರಗಡ ಸುಬ್ಬರಾವ್. ಫೋಲಿಕ್ ಆಮ್ಲವೆಂಬ ಜೀವಸತ್ವವು ಕ್ಯಾನ್ಸರ್ ಕಣಗಳ ಬೆಳವಣಿಗೆಗೆ ಬೇಕು. ಅದನ್ನೇ ಹೋಲುವ ಹುಸಿ ವಸ್ತುವನ್ನು ಒದಗಿಸಿದರೆ ಕಣವು ಮೋಸಹೋಗಿ ಸಾಯುತ್ತದೆ ಎಂಬುದು ಆ ಔಷಧಿಯ ತತ್ತ್ವ. ಇಂದಿಗೂ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಅದರ ಒಡಹುಟ್ಟು. ಸುಬ್ಬರಾಯರು ತಮ್ಮ ಶ್ರಮದ ಪೂರ್ಣ ಫಲವನ್ನು ಕಾಣದೆ 1948ರ ಆಗಸ್ಟ್ ತಿಂಗಳಲ್ಲಿ ತೀರಿಕೊಂಡರು.

ನಮ್ಮ ಅಂಗಳದಲ್ಲಿ, ಸಿಮಿತ್ರಿಯ ಸಮಾಧಿಗಳ ಬದಿಯಲ್ಲಿ, ಯಾರೂ ನೀರೆರೆಯದಿದ್ದರೂ ಅರಳಿಕೊಂಡಿರುವ ನಿತ್ಯಪುಷ್ಪದ ಗಿಡವನ್ನು ಬಲ್ಲದವರಿಲ್ಲ. ಕಾಶಿ ಕಣಗಿಲೆ ಎಂದೂ ಅದನ್ನು ಕರೆಯುವುದುಂಟು. ಆ ಗಿಡದ ಎಲೆಯಿಂದ ತೆಗೆದ ವಿನ್‌ಕ್ರಿಸ್ಟೀನ್ ಎಂಬ ಔಷಧಿಯು 1963ರಿಂದ ಬಳಕೆಗೆ ಬಂದಿತು. ಮಕ್ಕಳ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದಿಲ್ಲದೆ ಇಂದಿಗೂ ನಡೆಯದು. ಆದರೆ ಒಂದು ಎಚ್ಚರಿಕೆ. ಎಲೆಯನ್ನು ಅರೆದು ಕುಡಿಸಿದರೆ ಔಷಧಿಯಾಗದು, ವಿಷವಾಗುತ್ತದೆ. ಮಲೆನಾಡಿನ ಸೊಪ್ಪು ತೊಗಟೆಗಳ ಮೇಲೆ ನಮಗೆ ಗೌರವವಿರಲಿ. ಅದರೊಳಗಿನ ಸತ್ವವನ್ನು ಅಳೆದು ತೂಗಿ ಮಗುವಿನ ಮೈಯಳತೆಗೆ ತಕ್ಕಂತೆ ಕೊಡುವುದೇ ವೈದ್ಯವೆಂಬುದನ್ನು ಮರೆಯದಿರೋಣ.

ಕ್ಯಾಲೆಂಡರಿನ ಗುರುತಿಗೆ ಕಾರಣವಾದ ರಾತ್ರಿಯ ಮಾತ್ರೆಯ ಹೆಸರು 6-ಮರ್ಕ್ಯಾಪ್ಟೋಪ್ಯೂರಿನ್. ಅದನ್ನು ಕಂಡುಹಿಡಿದವರು ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆ. ತಾತನು ಕ್ಯಾನ್ಸರಿನಿಂದ ನರಳಿ ಸತ್ತುದನ್ನು ಹದಿನೈದನೆಯ ವಯಸ್ಸಿನಲ್ಲಿ ಕಂಡು, ಆ ರೋಗಕ್ಕೆ ಮದ್ದು ಹುಡುಕಬೇಕೆಂದು ಹೊರಟವರು. ಡಾಕ್ಟರೇಟ್ ಪದವಿಯನ್ನೇ ಪಡೆಯಲಾಗದ ಅವರಿಗೆ 1988ರಲ್ಲಿ, ಸಹೋದ್ಯೋಗಿ ಜಾರ್ಜ್ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಡನೆ, ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಒಂದು ಹರಕೆಯ ಆಸ್ಪತ್ರೆ

ಒಂಟಿ ಔಷಧಿಯಿಂದ ರೋಗವು ಕೆಲವು ತಿಂಗಳು ಅಡಗಿ ಮತ್ತೆ ತಲೆಯೆತ್ತುತ್ತಿತ್ತು. ಅದನ್ನು ಬೇರುಸಹಿತ ಕೀಳಬಹುದೆಂದು ತೋರಿಸಿಕೊಟ್ಟ ಆಸ್ಪತ್ರೆಯ ಹಿಂದೆ ಕಥೋಲಿಕನೊಬ್ಬನ ಹರಕೆಯಿದೆ. ಲೆಬನಾನಿನಿಂದ ವಲಸೆ ಬಂದ ಮ್ಯಾರೊನೈಟ್ ಕಥೋಲಿಕ ದಂಪತಿಗಳ ಮಗನಾದ ಡ್ಯಾನಿ ಥಾಮಸ್, ಜನರನ್ನು ನಗಿಸಿ ಹೊಟ್ಟೆ ಹೊರೆಯುತ್ತಿದ್ದ ಕಲಾವಿದ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ, ನಿರಾಶರ ಪಾಲಕನಾದ ಸಂತ ಯೂದ ತದ್ದೇಯುವಿನ ಮುಂದೆ ಮೊಣಕಾಲೂರಿ, ಬದುಕಿನ ದಾರಿ ತೋರಿದರೆ ನಿನಗೊಂದು ಗುಡಿ ಕಟ್ಟುವೆನೆಂದು ಹರಕೆ ಹೊತ್ತನು. ಕೀರ್ತಿ ಬಂದ ಮೇಲೆ ಮರೆಯಲಿಲ್ಲ. ಅವನು ಕಟ್ಟಿದ ಗುಡಿಯೇ 1962ರ ಫೆಬ್ರವರಿ 4ರಂದು ಮೆಂಫಿಸ್ ನಗರದಲ್ಲಿ ಬಾಗಿಲು ತೆರೆದ ಸೇಂಟ್ ಜೂಡ್ ಮಕ್ಕಳ ಸಂಶೋಧನಾ ಆಸ್ಪತ್ರೆ. ಕರಿಯರು ಬಿಳಿಯರೆಂಬ ಭೇದವು ಕಾನೂನಿನಂತೆ ನಡೆಯುತ್ತಿದ್ದ ಆ ನಾಡಿನಲ್ಲಿ ಎಲ್ಲ ಮಕ್ಕಳಿಗೂ ಒಂದೇ ವಾರ್ಡು. ಯಾವ ಕುಟುಂಬಕ್ಕೂ ಬಿಲ್ಲು ಇಲ್ಲ.

ಅದರ ಮೊದಲ ನಿರ್ದೇಶಕ ಡಾ. ಡೊನಾಲ್ಡ್ ಪಿಂಕೆಲ್ ಅವರು ಹಲವು ಔಷಧಿಗಳನ್ನು ಒಟ್ಟಿಗೆ ಕೊಟ್ಟು, ಔಷಧಿಯು ಸುಲಭವಾಗಿ ತಲುಪದ ಮಿದುಳಿನ ಸುತ್ತಲಿನ ದ್ರವಕ್ಕೂ ಪ್ರತ್ಯೇಕ ಚಿಕಿತ್ಸೆ ಮಾಡಿ, ರೋಗ ಕಾಣದಂತಾದ ಮೇಲೆಯೂ ಎರಡು ಮೂರು ವರ್ಷ ಮಾತ್ರೆಗಳನ್ನು ಮುಂದುವರಿಸುವ ಪದ್ಧತಿಯನ್ನು ರೂಪಿಸಿದರು. 1967ರಲ್ಲಿ ತೊಡಗಿದ ಐದನೆಯ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಪೂರ್ಣ ಗುಣಮುಖರಾದರು. ಇಂದು ಶ್ರೀಮಂತ ದೇಶಗಳಲ್ಲಿ ಹತ್ತರಲ್ಲಿ ಒಂಬತ್ತು ಮಕ್ಕಳು ಬದುಕುತ್ತಾರೆ.

ನಮ್ಮ ದೇಶದ ಅನುಭವ

ಭಾರತದಲ್ಲಿ 1980ರ ದಶಕದ ಆರಂಭದವರೆಗೆ ಐದರಲ್ಲಿ ಒಂದು ಮಗು ಬದುಕುವುದೂ ಕಷ್ಟವಾಗಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ, ಇವು ಮೂರೂ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಡಾ. ಇಯಾನ್ ಮೆಗ್ರಾತ್ ಅವರೊಡನೆ ಕೂಡಿ, ನಮ್ಮ ಆಸ್ಪತ್ರೆಗಳ ಅನುಕೂಲಕ್ಕೆ ಒಗ್ಗುವ ಎಂಸಿಪಿ-841 ಎಂಬ ಚಿಕಿತ್ಸಾಕ್ರಮವನ್ನು ಸಿದ್ಧಪಡಿಸಿದುವು. 2005ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ ಸಾವಿರಕ್ಕೂ ಮಿಗಿಲಾದ ರೋಗಿಗಳ ವಿವರವಿದೆ. ನಾಲ್ಕು ವರ್ಷಗಳ ಬಳಿಕ ರೋಗ ಮರುಕಳಿಸದೆ ಬದುಕಿದ್ದವರು, ಆಸ್ಪತ್ರೆಯಿಂದ ಆಸ್ಪತ್ರೆಗೆ ವ್ಯತ್ಯಾಸವಿದ್ದರೂ, ಶೇಕಡಾ 60ರವರೆಗೆ. ಉಳಿದವರಲ್ಲಿ ಕೆಲವರನ್ನು ಸೋಂಕು ಕೊಂಡೊಯ್ದಿತು. ಕೆಲವರಿಗೆ ರೋಗ ಮರುಕಳಿಸಿತು. ಮತ್ತೆ ಕೆಲವರು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಊರಿಗೆ ಮರಳಿದರು.

ಕರ್ನಾಟಕದ ಕುಟುಂಬಗಳಿಗೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯೇ ದೊಡ್ಡ ಆಸರೆ. 1973ರಲ್ಲಿ ಸ್ಥಾಪನೆಯಾಗಿ, 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವೆಂಬ ಮನ್ನಣೆ ಪಡೆದ ಅಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1963ರಲ್ಲಿ ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿಯೂ ಮಕ್ಕಳ ರಕ್ತರೋಗ ಮತ್ತು ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತದೆ. ಆದರೆ ನಮ್ಮೂರಿನಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರಿನಷ್ಟು ದಾರಿ. ಭದ್ರಾವತಿ, ತರೀಕೆರೆ, ಬೀರೂರು, ಕಡೂರು, ಅರಸೀಕೆರೆ, ತುಮಕೂರು ಎಂದು ರೈಲುನಿಲ್ದಾಣಗಳ ಹೆಸರನ್ನು ಜಪಸರದ ಮಣಿಗಳಂತೆ ಎಣಿಸುತ್ತ, ಜ್ವರದ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿ ಕಳೆದ ತಾಯಂದಿರು ನಮ್ಮ ನಡುವೆ ಇದ್ದಾರೆ.

ಮಣಿಯದ ಕಣಗಳ ಗುಟ್ಟು

ಈಗ ಮೂಲ ಪ್ರಶ್ನೆಗೆ ಬರೋಣ. ಒಂದೇ ರೋಗ, ಒಂದೇ ಔಷಧಿ. ಒಂದು ಮಗುವಿಗೆ ಗುಣವಾಗಿ ಇನ್ನೊಂದಕ್ಕೆ ಮರುಕಳಿಸುವುದೇಕೆ? ಹೊರದೇಶಗಳಲ್ಲಿಯೂ ನೂರರಲ್ಲಿ ಹತ್ತರಿಂದ ಇಪ್ಪತ್ತು ಮಕ್ಕಳಿಗೆ ರೋಗವು ಮರಳಿ ಬರುತ್ತದೆ. ಸಂಶೋಧಕರು ಇದಕ್ಕೆ ಒಂದಕ್ಕಿಂತ ಹೆಚ್ಚು ಕಾರಣಗಳನ್ನು ಕಂಡಿದ್ದಾರೆ.

ಮೊದಲನೆಯದು, ರೋಗದ ಕಣಗಳೆಲ್ಲ ಒಂದೇ ಬಗೆಯವಲ್ಲ. ಗದ್ದೆಗೆ ಕೀಟನಾಶಕ ಹೊಡೆದಾಗ ಸಾವಿರ ಹುಳುಗಳು ಸತ್ತು, ಅದನ್ನು ತಾಳಿಕೊಂಡ ಒಂದೆರಡು ಹುಳುಗಳ ಸಂತತಿಯೇ ಮರುವರ್ಷ ಗದ್ದೆಯನ್ನು ತುಂಬುವುದನ್ನು ನಮ್ಮ ರೈತರು ಕಂಡಿದ್ದಾರೆ. ಇಲ್ಲಿಯೂ ಹಾಗೆಯೇ. 2013ರಲ್ಲಿ ಅಮೆರಿಕದ ಎರಡು ತಂಡಗಳು, ರೋಗ ಮರುಕಳಿಸಿದ ಮಕ್ಕಳ ಕಣಗಳಲ್ಲಿ ಎನ್‌ಟಿ5ಸಿ2 ಎಂಬ ವಂಶವಾಹಿಯು ಬದಲಾಗಿರುವುದನ್ನು ಪತ್ತೆಹಚ್ಚಿದುವು. ಹೀಗೆ ಬದಲಾದ ಕಣವು 6-ಮರ್ಕ್ಯಾಪ್ಟೋಪ್ಯೂರಿನ್ ತನ್ನನ್ನು ಕೊಲ್ಲುವ ಮೊದಲೇ ಅದನ್ನು ನಿಷ್ಫಲಗೊಳಿಸಿ ಹೊರದೂಡುತ್ತದೆ. ಆದರೆ ಈ ಶಕ್ತಿಗೆ ಕಣವು ಬೆಲೆ ತೆರಬೇಕಾಗುತ್ತದೆ. ಅದರ ಬೆಳವಣಿಗೆ ಕುಂಠಿತವಾಗುತ್ತದೆ, ಬೇರೆ ಕೆಲವು ಔಷಧಿಗಳ ಮುಂದೆ ಅದು ದುರ್ಬಲವಾಗುತ್ತದೆ ಎಂದು 2018ರ ಪ್ರಯೋಗಶಾಲೆಯ ಅಧ್ಯಯನವೊಂದು ತೋರಿಸಿತು. ಶತ್ರುವಿನ ಬಲದಲ್ಲಿಯೇ ಅವನ ದೌರ್ಬಲ್ಯವನ್ನು ಹುಡುಕುವುದು ಇಂದಿನ ಸಂಶೋಧನೆಯ ಒಂದು ಹಾದಿ.

ಎರಡನೆಯದು ಅಡಗುತಾಣ. ಮಿದುಳಿನ ದ್ರವ, ಗಂಡುಮಕ್ಕಳ ವೃಷಣ, ಇಂತಹ ಕಡೆಗಳಿಗೆ ಔಷಧಿಯು ಪೂರ್ಣವಾಗಿ ಹೋಗಲಾರದು. ಬೆನ್ನುಹುರಿಯ ಬಳಿ ಸೂಜಿ ಚುಚ್ಚಿ ಔಷಧಿ ಕೊಡುವುದನ್ನು ಕಂಡು ಹೆದರುವ ತಂದೆತಾಯಿಯರು ಇದನ್ನು ನೆನಪಿಡಬೇಕು.

ಮೂರನೆಯದು, ಕಣ್ಣಿಗೆ ಕಾಣದ ಉಳಿಕೆ. ಮೊದಲ ತಿಂಗಳ ಚಿಕಿತ್ಸೆಯ ನಂತರ ಸೂಕ್ಷ್ಮದರ್ಶಕದಲ್ಲಿ ರೋಗವು ಕಾಣದಿರಬಹುದು. ಆದರೂ ಹತ್ತು ಸಾವಿರ ಕಣಗಳಲ್ಲಿ ಒಂದು ರೋಗದ ಕಣ ಉಳಿದಿದ್ದರೆ ಅದನ್ನು ಪತ್ತೆಹಚ್ಚುವ ಪರೀಕ್ಷೆ ಈಗ ಇದೆ. ಉಳಿಕೆಯಿರುವ ಮಗುವಿಗೆ ಚಿಕಿತ್ಸೆಯನ್ನು ಬಲಪಡಿಸುತ್ತಾರೆ. ಉಳಿಕೆಯಿಲ್ಲದ ಮಗುವಿಗೆ ಅನಾವಶ್ಯಕ ವಿಷವನ್ನು ತಪ್ಪಿಸುತ್ತಾರೆ. ನಮ್ಮ ದೇಶದ ಐದು ದೊಡ್ಡ ಕೇಂದ್ರಗಳು ಕೊಲ್ಕತ್ತಾದ ಡಾ. ವಾಸ್ಕರ್ ಸಾಹಾ ಮೊದಲಾದವರ ಮುಂದಾಳುತನದಲ್ಲಿ 2016ರಲ್ಲಿ ಆರಂಭಿಸಿದ ಐಸಿಕ್ಲ್-14 ಎಂಬ ಸಂಯುಕ್ತ ಅಧ್ಯಯನವು ಈ ತತ್ತ್ವದ ಮೇಲೆಯೇ ನಿಂತಿದೆ.

ಮನೆಯ ಮಾತ್ರೆ

ನಾಲ್ಕನೆಯ ಕಾರಣವು ಆ ತಾಯಿಯ ಕ್ಯಾಲೆಂಡರಿನಲ್ಲಿದ್ದುದು. ದೆಹಲಿಯಲ್ಲಿ ವೈದ್ಯಕೀಯ ಕಲಿತು ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿರುವ ಡಾ. ಸ್ಮಿತಾ ಭಾಟಿಯಾ ಅವರು ಮಾತ್ರೆಯ ಸೀಸೆಯ ಮುಚ್ಚಳದಲ್ಲಿ ಚಿಕ್ಕ ಎಲೆಕ್ಟ್ರಾನಿಕ್ ಸಾಧನವನ್ನಿರಿಸಿ, ಸೀಸೆಯನ್ನು ಎಂದೆಂದು ತೆರೆದರೆಂಬುದನ್ನು ದಾಖಲಿಸಿದರು. ನೂರು ಮಾತ್ರೆಗಳಲ್ಲಿ ತೊಂಬತ್ತೈದಕ್ಕಿಂತ ಕಡಮೆ ನುಂಗಿದ ಮಕ್ಕಳಲ್ಲಿ ರೋಗ ಮರುಕಳಿಸುವ ಅಪಾಯವು ಎರಡು ಪಟ್ಟಿಗೂ ಮಿಗಿಲೆಂದು 2012ರ ಅವರ ವರದಿಯಿಂದ ತಿಳಿಯಿತು. ಮಗು ಆಡುತ್ತಿದೆ, ಶಾಲೆಗೆ ಹೋಗುತ್ತಿದೆ, ಇನ್ನು ಮಾತ್ರೆಯೇಕೆ ಎಂಬ ಆಲೋಚನೆಯು ಎಷ್ಟು ಅಪಾಯಕರವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ ಹಬ್ಬದ ವಾರದ ಐದಾರು ಚೌಕಗಳೇ ಆ ಮಗುವಿನ ರೋಗವನ್ನು ಮರಳಿ ಕರೆದುವೆ? ಹಾಗೆ ಹೇಳಲು ಯಾರಿಗೂ ಸಾಧ್ಯವಿಲ್ಲ. ಲೆಕ್ಕ ಹಾಕಿದರೆ, ಎರಡು ವರ್ಷಗಳ ಏಳುನೂರಕ್ಕೂ ಮಿಕ್ಕಿದ ರಾತ್ರಿಗಳಲ್ಲಿ ಐದಾರು ಎಂದರೆ ನೂರಕ್ಕೆ ಒಂದೂ ಆಗದು. ಆ ತಾಯಿಯು ತೊಂಬತ್ತೊಂಬತ್ತರ ಲೆಕ್ಕದಲ್ಲಿದ್ದವರು. ಒಂದು ಮಾತ್ರೆಯನ್ನೂ ತಪ್ಪಿಸದ ಮಕ್ಕಳಿಗೂ ರೋಗ ಮರುಕಳಿಸಿರುವುದುಂಟು. ಅವರ ಕಣಗಳು ಮೊದಲಿನಿಂದಲೂ ಮದ್ದಿಗೆ ಮಣಿಯದಂಥವು. ಸಂಶೋಧನೆಯ ಅಂಕಿಗಳು ಮುಂದೆ ನಡೆಯಬೇಕಾದ ಮನೆಗಳಿಗೆ ಎಚ್ಚರಿಕೆ. ಹಿಂದೆ ನಡೆದುದಕ್ಕೆ ತೀರ್ಪು ಕೊಡಲು ಅವನ್ನು ಬಳಸಲಾಗದು. ಇದನ್ನು ನಾವು ಮತ್ತೊಮ್ಮೆ ಆ ಮನೆಗೆ ಹೋಗಿ, ಕ್ಯಾಲೆಂಡರನ್ನು ಮುಂದಿಟ್ಟುಕೊಂಡು, ಎಣಿಸಿ ಹೇಳಿದೆವು. ಆಗ ಮಾತ್ರ ಆ ತಾಯಿ ಅತ್ತರು.

ಇದಕ್ಕೆ ಸೇರಿದ ಎರಡು ಸಂಗತಿಗಳಿವೆ. ಈ ಮಾತ್ರೆಯನ್ನು ಹಾಲಿನೊಡನೆ ಕೊಡಬಾರದು, ಊಟದೊಡನೆ ಕೊಡಬಾರದೆಂಬ ಕಟ್ಟಳೆಗಳಿಂದ ಎಷ್ಟೋ ರಾತ್ರಿ ಮಗು ಕಾದು ನಿದ್ರೆಹೋಗುತ್ತಿತ್ತು. ಈ ಕಟ್ಟಳೆಗಳಿಗೂ ಮರುಕಳಿಕೆಗೂ ಸಂಬಂಧ ಕಾಣಲಿಲ್ಲವೆಂದು 2017ರ ವರದಿಯೊಂದು ತಿಳಿಸಿದೆ. ನಿಮ್ಮ ವೈದ್ಯರನ್ನು ಕೇಳಿ, ಮನೆಗೆ ಒಗ್ಗುವ ಒಂದು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಎರಡನೆಯದು, ಏಷ್ಯಾದ ಜನರಲ್ಲಿ ಕೆಲವರಿಗೆ ಎನ್‌ಯುಡಿಟಿ15 ಎಂಬ ವಂಶವಾಹಿಯ ಭೇದದಿಂದ ಈ ಮಾತ್ರೆಯು ಅತಿಯಾಗಿ ನಾಟಿ, ಬಿಳಿ ಕಣಗಳು ಕುಸಿಯುತ್ತವೆ. ಅಂತಹ ಮಕ್ಕಳಿಗೆ ವೈದ್ಯರು ಪ್ರಮಾಣವನ್ನು ತಗ್ಗಿಸುತ್ತಾರೆ. ಪಕ್ಕದ ಹಾಸಿಗೆಯ ಮಗುವಿಗೆ ಒಂದು ಮಾತ್ರೆ, ನಮ್ಮ ಮಗುವಿಗೆ ಅರ್ಧ ಮಾತ್ರೆಯೇಕೆ ಎಂದು ಸಂಶಯಪಡಬೇಕಾಗಿಲ್ಲ; ನಾವಾಗಿಯೇ ಹೆಚ್ಚಿಸಲೂ ಕೂಡದು, ಇಳಿಸಲೂ ಕೂಡದು.

ಹೊಸ ಅಸ್ತ್ರಗಳು

ಮರುಕಳಿಸಿದ ಮೇಲೆ ಮುಂದೇನು? ಚಿಕಿತ್ಸೆ ಮುಗಿದು ಬಹಳ ಕಾಲದ ನಂತರ ಮರಳಿದ ರೋಗವು ಎಷ್ಟೋ ವೇಳೆ ಔಷಧಿಗಳಿಂದಲೇ ಮತ್ತೆ ಹತೋಟಿಗೆ ಬರುತ್ತದೆ. ಚಿಕಿತ್ಸೆಯ ನಡುವೆಯೇ ಮರಳಿದರೆ ಹೋರಾಟ ಕಠಿಣ. ಅಸ್ಥಿಮಜ್ಜೆಯ ಕಸಿ ಬೇಕಾಗಬಹುದು. ಒಡಹುಟ್ಟಿದವರ ಮಜ್ಜೆ ಪೂರ್ಣ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಈಗ ಅರ್ಧ ಹೊಂದುವ ತಂದೆಯಿಂದ ಅಥವಾ ತಾಯಿಯಿಂದಲೂ ಕಸಿ ಮಾಡುವುದುಂಟು.

ಕೆಲವು ಮಕ್ಕಳ ಕಣಗಳಲ್ಲಿ ಫಿಲಡೆಲ್ಫಿಯಾ ಎಂಬ ಹೆಸರಿನ ಬದಲಾದ ವರ್ಣತಂತು ಇರುತ್ತದೆ. ಒಂದು ಕಾಲಕ್ಕೆ ಅವರಲ್ಲಿ ಮೂರರಲ್ಲಿ ಒಂದು ಮಗು ಮಾತ್ರ ರೋಗ ಮರಳದೆ ಮೂರು ವರ್ಷ ದಾಟುತ್ತಿತ್ತು. ಇಮಾಟಿನಿಬ್ ಎಂಬ ಮಾತ್ರೆಯನ್ನು ಸೇರಿಸಿದಾಗ ಆ ಸಂಖ್ಯೆ ಶೇಕಡಾ 80ಕ್ಕೆ ಏರಿತೆಂದು 2009ರ ವರದಿ ಸಾರಿತು. ಬ್ಲಿನಾಟುಮೊಮ್ಯಾಬ್ ಎಂಬ ಇನ್ನೊಂದು ಔಷಧಿಯು ಎರಡು ಕೈಗಳ ಮಧ್ಯವರ್ತಿಯಂತೆ. ಒಂದು ಕೈಯಿಂದ ರೋಗದ ಕಣವನ್ನು, ಇನ್ನೊಂದರಿಂದ ದೇಹದ ರಕ್ಷಕಕಣವನ್ನು ಹಿಡಿದು ಎದುರುಬದುರು ನಿಲ್ಲಿಸುತ್ತದೆ. ಮೊದಲು ಮರುಕಳಿಸಿದವರಿಗೆ ಮಾತ್ರ ಕೊಡುತ್ತಿದ್ದ ಇದನ್ನು ಹೊಸದಾಗಿ ರೋಗ ಪತ್ತೆಯಾದ ಮಕ್ಕಳ ಚಿಕಿತ್ಸೆಗೆ ಸೇರಿಸಿ ನೋಡಿದಾಗ, ಮೂರು ವರ್ಷ ರೋಗವಿಲ್ಲದೆ ಉಳಿದವರು ಶೇಕಡಾ 87.9ರಿಂದ 96ಕ್ಕೆ ಏರಿದರೆಂದು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು.

ಎಲ್ಲಕ್ಕಿಂತ ಬೆರಗಿನದು ಕಾರ್-ಟಿ ಎಂಬ ಚಿಕಿತ್ಸೆ. ಮಗುವಿನ ರಕ್ಷಕಕಣಗಳನ್ನೇ ಹೊರತೆಗೆದು, ರೋಗದ ಕಣದ ಮೈಮೇಲಿರುವ ಸಿಡಿ19 ಎಂಬ ಗುರುತನ್ನು ಹಿಡಿಯುವಂತೆ ಅವುಗಳ ವಂಶವಾಹಿಯನ್ನು ತಿದ್ದಿ, ಬೆಳೆಸಿ, ಮತ್ತೆ ಮಗುವಿನ ರಕ್ತಕ್ಕೆ ಸೇರಿಸುವುದು ಇದರ ಕ್ರಮ. 2012ರ ಏಪ್ರಿಲ್‌ನಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಬಾಲಕಿ ಇದನ್ನು ಪಡೆದ ಮೊದಲ ಮಗು. ಎರಡು ಸಲ ರೋಗ ಮರುಕಳಿಸಿದ್ದ ಆಕೆ ಚಿಕಿತ್ಸೆಯ ಬಿರುಸಿಗೆ ಸಾವಿನ ಅಂಚಿಗೆ ಸರಿದಳು. ಸಂಶೋಧಕ ಕಾರ್ಲ್ ಜೂನ್ ಅವರ ಮಗಳಿಗೆ ಕೀಲುವಾತವಿತ್ತು. ಅದಕ್ಕೆ ಸಂಬಂಧಿಸಿದ ಔಷಧಿಯೊಂದರ ಪರಿಚಯ ಅವರಿಗಿತ್ತು. ಅದನ್ನು ಎಮಿಲಿಗೆ ಕೊಟ್ಟಾಗ ಜ್ವರವಿಳಿಯಿತು. ಆಕೆ ಹತ್ತು ವರ್ಷಗಳ ಬಳಿಕವೂ ರೋಗಮುಕ್ತಳಾಗಿದ್ದಳು. ಆದರೆ ಎಲ್ಲರಿಗೂ ಹೀಗಾಗುವುದಿಲ್ಲ. 2018ರಲ್ಲಿ ಪ್ರಕಟವಾದ 75 ರೋಗಿಗಳ ಅಧ್ಯಯನದಲ್ಲಿ ಮೂರು ತಿಂಗಳೊಳಗೆ ಶೇಕಡಾ 81 ಮಂದಿಯಲ್ಲಿ ರೋಗವು ಅಡಗಿತು. ಒಂದು ವರ್ಷದ ವೇಳೆಗೆ ಮರುಕಳಿಸದೆ ಉಳಿದವರು ಅರ್ಧದಷ್ಟು. ಕೆಲವು ಕಣಗಳು ಸಿಡಿ19 ಗುರುತನ್ನೇ ಕಳಚಿಕೊಂಡು ಮತ್ತೆ ತಪ್ಪಿಸಿಕೊಳ್ಳುತ್ತವೆ. ಆದುದರಿಂದ ಸಿಡಿ22 ಎಂಬ ಬೇರೊಂದು ಗುರುತಿನ ಮೇಲೂ ಸಂಶೋಧನೆ ನಡೆದಿದೆ.

2017ರಲ್ಲಿ ಅಮೆರಿಕದಲ್ಲಿ ಇದಕ್ಕೆ ಕಟ್ಟಿದ ಬೆಲೆ 4,75,000 ಡಾಲರು. ಮುಂಬಯಿಯ ಐಐಟಿಯ ಪ್ರೊ. ರಾಹುಲ್ ಪುರ್ವಾರ್ ಮತ್ತು ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಕೂಡಿ ನಮ್ಮಲ್ಲಿಯೇ ರೂಪಿಸಿದ ನೆಕ್ಸ್‌ಕಾರ್19 ಎಂಬ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿಗಳು ಅದನ್ನು ನಾಡಿಗೆ ಸಮರ್ಪಿಸಿದರು. ಹೊರದೇಶದ ಬೆಲೆಯ ಹತ್ತನೆಯ ಒಂದು ಭಾಗವೆಂದರೂ ಅದು ಲಕ್ಷಗಟ್ಟಲೆ ರೂಪಾಯಿಯೇ. ಅಂದಿನ ಒಪ್ಪಿಗೆಯು ಹದಿನೈದು ವರ್ಷ ತುಂಬಿದವರಿಗಷ್ಟೇ ಆಗಿತ್ತು. ಮಕ್ಕಳಲ್ಲಿ ಇದರ ಅಧ್ಯಯನವನ್ನು ಟಾಟಾ ಕೇಂದ್ರದ ಡಾ. ಗೌರವ್ ನರುಲಾ ಮತ್ತು ಸಂಗಡಿಗರು ಕೈಗೊಂಡರು.

ಅಧ್ಯಯನವೆಂದೊಡನೆ, ನಮ್ಮ ಮಗುವನ್ನು ಪ್ರಯೋಗದ ಇಲಿ ಮಾಡುತ್ತಾರೆಯೇ ಎಂದು ಅಂಜುವುದು ಸಹಜ. ನಮ್ಮ ದೇಶದಲ್ಲಿ ಇಂತಹ ಅಧ್ಯಯನಕ್ಕೆ ನೀತಿ ಸಮಿತಿಯ ಒಪ್ಪಿಗೆ ಬೇಕು. ಸರ್ಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ತಂದೆತಾಯಿಯರ ಸಹಿ ಬೇಕು. ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಯಾವಾಗ ಬೇಕಾದರೂ ಹೊರಬರುವ ಹಕ್ಕಿದೆ. ಸಹಿ ಹಾಕುವ ಮುನ್ನ ಕಾಗದವನ್ನು ಕನ್ನಡದಲ್ಲಿ ಓದಿಸಿಕೊಳ್ಳಿ, ತಿಳಿಯದುದನ್ನು ಕೇಳಿ. ಇಂದು ನಮ್ಮ ಮಕ್ಕಳು ನುಂಗುವ ಒಂದೊಂದು ಮಾತ್ರೆಯ ಹಿಂದೆಯೂ, ಅಂತಹ ಕಾಗದಕ್ಕೆ ನಡುಗುವ ಕೈಯಿಂದ ಸಹಿ ಹಾಕಿದ ಯಾವುದೋ ಊರಿನ ತಂದೆತಾಯಿಯರಿದ್ದಾರೆ.

ನಾವು ಮಾಡಬಹುದಾದುದು

ವಿನೋಬನಗರದಲ್ಲಾಗಲಿ ಭದ್ರಾವತಿಯಲ್ಲಾಗಲಿ ನೆರೆಮನೆಯ ಮಗುವಿಗೆ ಈ ರೋಗ ಬಂದರೆ ನಮ್ಮ ಕೈಯಲ್ಲೇನಿದೆ ಎಂದು ಕೈಚೆಲ್ಲಬೇಕಾಗಿಲ್ಲ. ರಕ್ತ ಮತ್ತು ಪ್ಲೇಟ್‌ಲೆಟ್ ದಾನಿಗಳ ಪಟ್ಟಿಯೊಂದನ್ನು ನಮ್ಮ ಯುವಜನರು ಸಿದ್ಧವಾಗಿಟ್ಟಿರಬಹುದು. ಬೆಂಗಳೂರಿನ ಡಿಕೆಎಂಎಸ್ ಪ್ರತಿಷ್ಠಾನ, ಚೆನ್ನೈನ ದಾತ್ರಿ ಮೊದಲಾದ ಸಂಸ್ಥೆಗಳಲ್ಲಿ ಹದಿನೆಂಟು ದಾಟಿದ ಆರೋಗ್ಯವಂತರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿ ಕೊಟ್ಟು, ರಕ್ತದ ಮೂಲಕಣಗಳ ದಾನಿಯಾಗಿ ಹೆಸರು ನೋಂದಾಯಿಸಬಹುದು. ನಮ್ಮಂತಹುದೇ ಮೂಲದ ಜನರಲ್ಲಿ ಹೊಂದಿಕೆ ಸಿಗುವ ಸಂಭವ ಹೆಚ್ಚಾದುದರಿಂದ ನಮ್ಮ ಹೆಸರುಗಳು ಆ ಪಟ್ಟಿಯಲ್ಲಿರಬೇಕಾದುದು ಅಗತ್ಯ.

ನಿಮ್ಮ ಮನೆಯ ಮಗುವಿಗೆ ಸೀತಾಳೆ ಸಿಡುಬು ಅಥವಾ ದಡಾರ ಬಂದಿದ್ದರೆ ಚಿಕಿತ್ಸೆಯಲ್ಲಿರುವ ಮಗುವಿನ ಮನೆಗೆ ಕೂಡಲೇ ತಿಳಿಸಿರಿ. ನಮಗೆ ಸಾಮಾನ್ಯವಾದುದು ಆ ಮಗುವಿಗೆ ಪ್ರಾಣಾಂತಿಕ. ಕಾಣಲು ಹೋದವರು ಕೈತೊಳೆದು ಹೋಗಿರಿ, ನೆಗಡಿಯಿದ್ದರೆ ಹೋಗಲೇಬೇಡಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಕಾಗದಪತ್ರಗಳನ್ನು ಮಾಡಿಸಿಕೊಡಲು ಓದುಬರಹ ಬಲ್ಲವರೊಬ್ಬರು ಜೊತೆಗೆ ಹೋಗುವುದೂ ದೊಡ್ಡ ಉಪಕಾರ. ರೈಲಿನ ಖರ್ಚು, ಬೆಂಗಳೂರಿನಲ್ಲಿ ತಂಗಲು ಒಂದು ಕೋಣೆ, ಮನೆಯಲ್ಲುಳಿದ ಇತರ ಮಕ್ಕಳಿಗೆ ಊಟ, ಇವುಗಳ ಕೊರತೆಯಿಂದಲೇ ಎಷ್ಟೋ ಕುಟುಂಬಗಳು ಚಿಕಿತ್ಸೆಯನ್ನು ನಡುವೆ ಕೈಬಿಟ್ಟಿವೆ. ಮುಂಬಯಿಯಲ್ಲಿ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಇಂಡಿಯಾ ಎಂಬ ಸಂಸ್ಥೆಯು ಇಂತಹ ಕುಟುಂಬಗಳಿಗೆ ಉಚಿತ ಬಿಡಾರ ಒದಗಿಸಿ, ಅದೂ ಚಿಕಿತ್ಸೆಯ ಭಾಗವೇ ಎಂದು ತೋರಿಸಿಕೊಟ್ಟಿದೆ. ಬಡತನದಿಂದ ನಿಂತುಹೋದ ಚಿಕಿತ್ಸೆಯನ್ನು ಯಾವ ಪ್ರಯೋಗಶಾಲೆಯೂ ಸರಿಪಡಿಸಲಾರದು; ಅದನ್ನು ಸರಿಪಡಿಸಬೇಕಾದವರು ನಾವೇ.

ಎಲ್ಲ ಪ್ರಯತ್ನಗಳ ನಂತರವೂ ಕೆಲವು ಮಕ್ಕಳನ್ನು ನಾವು ಕಳೆದುಕೊಳ್ಳುತ್ತೇವೆ. ಇದನ್ನು ಮರೆಮಾಚುವುದು ಸರಿಯಲ್ಲ. ಗುಣಪಡಿಸಲಾಗದಿದ್ದರೂ ನೋವನ್ನು ಶಮನಗೊಳಿಸಲು ಸಾಧ್ಯ; ಅದಕ್ಕಾಗಿಯೇ ಇರುವ ಉಪಶಾಮಕ ಚಿಕಿತ್ಸೆಯನ್ನು ಕೇಳಿ ಪಡೆಯುವುದು ಸೋಲಲ್ಲ. ಆ ದಿನಗಳಲ್ಲಿ ಪಕ್ಕದಲ್ಲಿ ಕುಳಿತುಕೊಳ್ಳುವವರು ಬೇಕು, ಕಾರಣ ಹುಡುಕುವವರು ಬೇಡ.

ವಿನೋಬನಗರದ ಆ ಮಗು ಈಗ ಮತ್ತೆ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದೆ. ತಂದೆಯ ಮಜ್ಜೆ ಎಷ್ಟು ಹೊಂದುತ್ತದೆಂದು ಪರೀಕ್ಷೆ ನಡೆದಿದೆ. ಮುಂದೇನಾಗುವುದೆಂದು ವೈದ್ಯರೂ ಹೇಳಲಾರರು, ನಾವೂ ಹೇಳಲಾರೆವು. ಕಳೆದ ವಾರ ಆ ಮನೆಗೆ ಹೋದಾಗ ಗೋಡೆಯ ಮೇಲೆ ಈ ವರ್ಷದ ಹೊಸ ಕ್ಯಾಲೆಂಡರು ತೂಗುತ್ತಿತ್ತು. ಬೆಂಗಳೂರಿಗೆ ಹೋಗುವಾಗ ತಾಯಿ ಅದರ ಒಂದು ಹಾಳೆಯನ್ನು ಹರಿದು ಮಡಚಿ ಚೀಲದಲ್ಲಿಟ್ಟುಕೊಂಡು ಹೋಗಿದ್ದರೆಂದು ಅಜ್ಜಿ ಹೇಳಿದರು. ಗುರುತು ಹಾಕಲು ಪೆನ್ನನ್ನೂ ಮರೆಯದೆ ಒಯ್ದಿದ್ದರಂತೆ.